ಟೋಕನ್ ನಂಬರ್ ಹದಿನೇಳು

ಸಿನಿಮಾ ನಾನು ನೋಡೋದು ಕಮ್ಮಿ, ಕೇಳೋದು ಜಾಸ್ತಿ.
ಥೇಟರಿನ ಹಿಂಗೋಡೆಗೆ ಆತುಕೊಂಡಿದೆ ನನ್ನ ಸ್ಟ್ಯಾಂಡು:
ತಗಡಿನ ಮಾಡು, ಒಂದು ಕುರ್ಚಿ, ಸೀಮೆಸುಣ್ಣ, ಟೋಕನ್ ಡಬ್ಬ.
ಹಾಸನದ ಹುಡುಗರು ಕಟೌಟಿಗೆ ಹಾಲು ಸುರಿಯುವಾಗ
ಅವರ ಸ್ಕೂಟರಿನ ಸೀಟಿನ ಮೇಲೆ ನಂಬರು ಬರೀತಿರ್ತೀನಿ.
ಗೋಡೆ ನಡುಗಿದರೆ ಫೈಟು.
ನಡುಗದೆ ಗುಂಯ್ ಅಂದರೆ ತಾಯಿ ಸಾಯ್ತಾ ಇದಾಳೆ.
ನಡುಗಿ, ನಿಂತು, ಮತ್ತೆ ನಡುಗಿದರೆ
ನಾಯಕ ನಡಕೊಂಡು ಬರ್ತಾ ಇದಾನೆ.
ಈ ಸಲ ಅವನು ಬಂದು ಮುಟ್ಟೋದರೊಳಗೆ
ನಾನು ಎನ್.ಆರ್. ಸರ್ಕಲ್‌ಗೆ ಹೋಗಿ, ಬನ್ನು ತಂದು, ತಿಂದು,
ಕೈ ಒರೆಸಿಕೊಂಡಿದ್ದೆ.

ಈ ವರ್ಷದ ದೊಡ್ಡ ಚಿತ್ರದ ಮೇಲೆ ನನ್ನ ತಕರಾರು ಒಂದೇ.
ಒಂದೇಟಿಗೆ ಹನ್ನೆರಡು ಜನ ಹಾರಿಹೋದರು, ಸರಿ,
ಅವರ ಚಪ್ಪಲಿ?
ಮೊದಲ ದಿನದ ನೂಕುನುಗ್ಗಲು ಮುಗಿದ ಮೇಲೆ
ಜೋಡಿಯಿಲ್ಲದ ಚಪ್ಪಲಿ ಇಪ್ಪತ್ತಮೂರು
ಗೇಟಿನ ಹತ್ತಿರ ಆರಿಸಿದೋಳು ನಾನು.
ಅಷ್ಟು ಕೋಟಿ ಸುರಿದೋರು
ಬಿದ್ದವನೊಬ್ಬ ಕುಂಟುತ್ತಾ ಎದ್ದು ಬಂದು
ಎಡಗಾಲಿಂದು ಹುಡುಕೋದನ್ನ ತೋರಿಸಿದ್ದರೆ
ನಾನೂ ಶಿಳ್ಳೆ ಹೊಡೀತಿದ್ದೆ.

ಇನ್ನೊಂದು ಇತ್ತಲ್ಲ, ಎರಡನೇ ಭಾಗಕ್ಕೆ ಕಾಯಿರಿ ಅಂದಿದ್ದು,
ಅವತ್ತು ಜನ ಸಪ್ಪೆ ಮೋರೆಯಲ್ಲಿ ಹೊರಗೆ ಬಂದು
ಗಾಡಿಗೆ ಐದು ರೂಪಾಯಿ ಜಾಸ್ತಿ ಅಂತ ನನ್ನ ಮೇಲೆ ರೇಗಿದರು.

ಪುಸ್ತಕದ ವಿಷಯ ಬೇರೆ.
ಪದ್ಮರಾಜಯ್ಯನೋರ ಹಳೇ ಪುಸ್ತಕದಂಗಡಿಯಿಂದ
ವಾರಕ್ಕೊಂದು ಬಾಡಿಗೆಗೆ ತರ್ತೀನಿ.
ರಾಕೆಟ್ಟೋ ರೋಬೋಟೋ ಇದ್ದರೆ ಎತ್ತಿಟ್ಟಿರ್ತಾರೆ.
ಟ್ಯೂಬ್‌ಲೈಟಿನ ಕೆಳಗೆ, ಪುಟದ ಮೇಲಿನ ಹುಳ ಊದಿಕೊಂಡು,
ಒಂದು ಆಟ ಮುಗಿಯೋದರೊಳಗೆ
ಸಾವಿರ ವರ್ಷ ಮುಂದಕ್ಕೆ ಹೋಗಿ ಬರ್ತೀನಿ.
ಅಲ್ಲೂ ತಕರಾರಿದೆ.
ಅಲ್ಲಿ ಯಾರಿಗೂ ನೆಗಡಿಯಿಲ್ಲ.
ಊಟಕ್ಕೆ ಗುಳಿಗೆ; ನುಂಗಿ 'ಹಾ' ಅಂತಾನೆ ಕ್ಯಾಪ್ಟನ್ನು.
ಸುಳ್ಳು ಕಣಯ್ಯ, ನುಂಗೋದು ಅಂದರೇನು ಅಂತ
ಮುದ್ದೆ ತಿಂದೋರನ್ನ ಕೇಳು.
ಹಡಗಿಗೊಬ್ಬಳು ಹೆಂಗಸು. ನಲವತ್ತನೇ ಪುಟಕ್ಕೆ ಕಿರುಚ್ತಾಳೆ,
ಇಂಜಿನ್ನು ಕೆಟ್ಟರೆ ಕೈ ಕಟ್ಟಿ ನಿಲ್ತಾಳೆ.
ನಾನಾಗಿದ್ದರೆ ಮೊದಲು ಪ್ಲಗ್ಗು ಬಿಚ್ಚಿ ಒರೆಸ್ತಿದ್ದೆ.
ಅನ್ಯಗ್ರಹದೋರು ಇಳಿಯೋದೂ ಅಷ್ಟೇ, ಯಾವಾಗಲೂ ಸಮುದ್ರದಾಚೆಯ ಊರಿಗೆ.
ಅಷ್ಟು ದೂರದಿಂದ ಬಂದೋರಿಗೆ
ಸಾಲಗಾಮೆ ರಸ್ತೆಯ ಅಷ್ಟಗಲದ ಬಿಳೀ ತಟ್ಟೆಗಳು
ಬಾಯಿ ತೆರಕೊಂಡು ಮೇಲೆ ನೋಡ್ತಿರೋದು ಕಾಣಲಿಲ್ಲವಾ?

ಇನಾಯತ್‌ನ ಕೇಳಿದೆ. ಆ ತಟ್ಟೆಗಳ ಕಾಂಪೌಂಡಿಗೆ
ರಾತ್ರಿ ಪಾಳಿಯೋರನ್ನ ವ್ಯಾನಲ್ಲಿ ಬಿಟ್ಟುಬರೋನು ಅವನು.
'ಯಾರೂ ಮಾತಾಡಲ್ಲಕ್ಕ ಮೇಲಿಂದ,' ಅಂದ,
'ಬಿಸಿ ಎಷ್ಟು, ಎಣ್ಣೆ ಎಷ್ಟು ಉಳೀತು, ವಾಲಿದೆಯಾ, ಇಷ್ಟೇ ಅಂತೆ.'
ಬೀಡಿ ಆರಿಸಿ, ಆಮೇಲೆ ಹೇಳಿದ:
ಉಪಗ್ರಹಕ್ಕೆ ವಯಸ್ಸಾದರೆ
ಅಂತ ಕೊನೇ ತೊಟ್ಟು ಎಣ್ಣೆ ಉಳಿಸಿರ್ತಾರಂತೆ.
ಅದರಲ್ಲಿ ಇನ್ನೂ ಸ್ವಲ್ಪ ಮೇಲಕ್ಕೆ ನೂಕ್ತಾರಂತೆ,
ಬೇರೆಯೋರ ದಾರಿಗೆ ಅಡ್ಡ ಆಗದ ಹಾಗೆ.
ಆಮೇಲೆ ಸ್ವಿಚ್ಚು ಆಫ್.
ಒಂದಿನ ಹಾಗೆ ಮಾಡಿ ಬಂದ ಮೇಡಮ್ಮೊಬ್ಬರು
ವ್ಯಾನಲ್ಲಿ ಸುಮ್ಮನೆ ಕೂತಿದ್ದು,
ಡೈರಿ ಸರ್ಕಲ್ ಹತ್ತಿರ ನಿಲ್ಲಿಸಪ್ಪ ಅಂದು
ಅರ್ಧ ಲೀಟರ್ ಹಾಲು ತಗೊಂಡರಂತೆ.

ಅಷ್ಟೇನಾ? ಅಂದೆ.
ಅಷ್ಟೇ ಅಂದ.

ಅವತ್ತಿಂದ ಆ ಹಾಲು ನನ್ನನ್ನ ಬಿಡ್ತಾ ಇಲ್ಲ.
ಇಂಥದ್ದನ್ನ ಯಾರಾದರೂ ಬರೆದಿದಾರಾ ಅಂತ ಕೇಳಿದ್ದಕ್ಕೆ
ಪದ್ಮರಾಜಯ್ಯನೋರು ಕನ್ನಡಕ ಹಣೆಗೇರಿಸಿ
'ಇದರಲ್ಲಿ ಯುದ್ಧ ಎಲ್ಲಿ ಬಂತಮ್ಮ?' ಅಂದರು.

ಎರಡನೇ ಆಟ ಬಿಟ್ಟು ಮುಕ್ಕಾಲು ಗಂಟೆಯಾಯ್ತು.
ಎಲ್ಲಾ ಗಾಡಿ ಹೋದವು, ಹದಿನೇಳು ಒಂದು ಉಳಿದಿದೆ.
ಯಾರದೋ, ಎಲ್ಲಿ ಹೋದನೋ.
ಹ್ಯಾಂಡಲ್ ಲಾಕ್ ಹಾಕಿಲ್ಲ, ಪುಣ್ಯ.
ಸ್ಟ್ಯಾಂಡ್ ತೆಗೆದು, ಬೆಳಗಿನೋರ ದಾರಿ ಬಿಟ್ಟು,
ಗೋಡೆ ಪಕ್ಕಕ್ಕೆ ಮೆಲ್ಲಗೆ ನೂಕಿ ನಿಲ್ಲಿಸಿದೆ.
ಒಳಗೆ ಕುರ್ಚಿಗಳ ನಡುವೆ ಪೊರಕೆಯ ಸದ್ದು.
ಗೋಡೆ ನಡುಗಲಿಲ್ಲ.